ಗರಿ ಮುಚ್ಚಿದ ಪಾತಿ

ಕೈಗುಣ ಅನ್ನುವ ಮಾತನ್ನು ನಾನು ಮದುವೆಯಾದ ದಿನದಿಂದ ಗೇಲಿ ಮಾಡಿಕೊಂಡೇ ಬಂದವನು. ಶಿವನಸಮುದ್ರದ ಪವರ್‌ಹೌಸಿನಲ್ಲಿ ಪಾಳಿ ಮೇಲೆ ದುಡಿದು ನಿವೃತ್ತನಾದ ನನಗೆ ಏನಾದರೂ ಕೆಟ್ಟರೆ ಅದಕ್ಕೊಂದು ಕಾರಣ ಇರಬೇಕು, ಸರಿಹೋದರೆ ಅದಕ್ಕೂ ಒಂದು ಕಾರಣ ಇರಬೇಕು. ಬೀಜ ಹುಟ್ಟುವುದು ಮಣ್ಣಿನಿಂದ, ನೀರಿನಿಂದ, ಹಾಕಿದವರ ಕೈಯಿಂದಲ್ಲ. ಇದನ್ನು ಹೆಂಡತಿಗೆ ಎಷ್ಟು ಸಲ ಹೇಳಿದ್ದೇನೋ. ಅವಳು ಪೂರ್ತಿ ಕೇಳಿಸಿಕೊಂಡು, "ಆಯ್ತು, ಈ ಸಲ ನೀವೇ ಆಕಿ ನೋಡವ" ಅನ್ನುತ್ತಿದ್ದಳು. ನಾನು ಹಾಕುತ್ತಿರಲಿಲ್ಲ. ಬಗ್ಗಿದರೆ ಸೊಂಟ ಹಿಡಿಯುತ್ತದೆ ಅಂತ ಪೇಪರು ಹಿಡಿದು ಜಗಲಿಗೆ ಹೋಗುತ್ತಿದ್ದೆ.

ಬೆಳಕವಾಡಿಯ ನಮ್ಮ ಬೀದಿಯಲ್ಲಿ ದೀಪಾವಳಿ ಕಳೆದ ಮೇಲೆ ಎಲ್ಲರಿಗೂ ಅವಳೇ ಬೇಕು. ಮಳೆ ಹಿಂದೆಗೆದು ಬೆಳಗಿನ ಹೊತ್ತು ಇಬ್ಬನಿ ಬೀಳೋಕೆ ಶುರುವಾದರೆ ಹಿತ್ತಲು ಅಗೆಯುವ ಕಾಲ ಬಂತು ಅಂತ. ನಮ್ಮ ಕಡೆ ಚಳಿ ಅಂದರೆ ಒಂದು ಕಂಬಳಿಯಷ್ಟು ಚಳಿ, ಗಿಡ ಸುಡುವಂಥದ್ದಲ್ಲ. ಮೆಂತ್ಯ, ಕೊತ್ತಂಬರಿ, ಸಬ್ಬಸಿಗೆ, ದಂಟು, ಮೂಲಂಗಿ, ಏನು ಹಾಕಿದರೂ ಈ ದಿನಗಳಲ್ಲಿ ಬರುವಷ್ಟು ಚೆನ್ನಾಗಿ ಬೇರೆ ಯಾವಾಗಲೂ ಬರುವುದಿಲ್ಲ. ಆದರೆ ಮೊದಲ ಬೀಜ ನನ್ನ ಹೆಂಡತಿಯ ಕೈಯಿಂದ ಬೀಳಬೇಕು. ಪಾತಿ ಮಾಡಿ, ಗೊಬ್ಬರ ಬೆರೆಸಿ, ಮೊರದಲ್ಲಿ ಬೀಜ ಇಟ್ಟುಕೊಂಡು ಬಂದು ಕರೆಯುತ್ತಿದ್ದರು. ಇವಳು ಕೈಕಾಲು ತೊಳೆದು, ಸೆರಗು ಸಿಕ್ಕಿಸಿಕೊಂಡು, ದೊಡ್ಡ ಆಫೀಸರ್ ಹಾಗೆ ಹೊರಡುತ್ತಿದ್ದಳು. ಬಲಗೈಯಲ್ಲಿ ಒಂದು ಚಿಟಿಕೆ ಬೀಜ ತೆಗೆದುಕೊಂಡು, ಒಂದು ಗಳಿಗೆ ಕಣ್ಣು ಮುಚ್ಚಿ, ಮೂಡಲ ಮೂಲೆಗೆ ಉದುರಿಸಿದರೆ ಅವಳ ಕೆಲಸ ಮುಗಿಯಿತು. ಮಿಕ್ಕಿದ್ದನ್ನು ಮನೆಯವರು ಹಾಕಿಕೊಳ್ಳುತ್ತಿದ್ದರು. ಬೆಳೆ ಬಂದಾಗ ಪ್ರತಿ ಮನೆಯಿಂದಲೂ ಮೊದಲ ಕಟ್ಟು ಸೊಪ್ಪು ನಮ್ಮ ಮನೆಗೆ. ಮಾರ್ಗಶಿರ, ಪುಷ್ಯದಲ್ಲಿ ಒಂದು ದಿನ ಬಸ್ಸಾರು, ಒಂದು ದಿನ ಮಸ್ಸೊಪ್ಪು, ಒಂದು ದಿನ ಉಪ್ಸಾರು ಅಂತ ಮುದ್ದೆ ಜೊತೆ ತಿಂದೂ ತಿಂದೂ ನಾನು ರೇಗಿಬಿಡುತ್ತಿದ್ದೆ.

ಈ ಸಲ ಗೌರಿ ಹಬ್ಬ ಇನ್ನೇನು ಬಂತು ಅನ್ನುವಾಗ ಅವಳು ಹಿತ್ತಲ ಕಲ್ಲಿನ ಹತ್ತಿರ ಪಾತ್ರೆ ಬೆಳಗುತ್ತಿದ್ದಳು. ಚೊಂಬು ಬಿದ್ದ ಸದ್ದು ಕೇಳಿತು. ಒಳಗಿಂದಲೇ "ಮೆಲ್ಲಗೆ ಕಣೇ, ಸೊಟ್ಟ ಆಯ್ತದೆ" ಅಂದೆ. ಉತ್ತರ ಬರಲಿಲ್ಲ. ಹೋಗಿ ನೋಡಿದರೆ ಕಲ್ಲಿಗೆ ಒರಗಿ ಕೂತಿದ್ದಾಳೆ, ಬಾಯಿ ಒಂದು ಕಡೆ ಜಗ್ಗಿದೆ, ಬಲಗೈ ಅವಳದ್ದೇ ಅಲ್ಲವೇನೋ ಅನ್ನುವ ಹಾಗೆ ಬೂದಿಯಲ್ಲಿ ಬಿದ್ದಿದೆ. ಮೊದಲು ಮಳವಳ್ಳಿಗೆ ಓಡಿದೆವು, ಅಲ್ಲಿಂದ ಮಂಡ್ಯಕ್ಕೆ. ಲಕ್ವ ಅಂದರು. ಮದ್ದೂರಿಗೆ ಕೊಟ್ಟಿರುವ ಮಗಳು ಬಂದು ಆಸ್ಪತ್ರೆಯಲ್ಲೂ ಮನೆಯಲ್ಲೂ ಜೊತೆಗಿದ್ದಳು. ಆಮೇಲೆ ಅವಳ ಮಕ್ಕಳ ಸ್ಕೂಲು ಇತ್ತು, ಹೋದಳು. ಭಾನುವಾರ ಬಸ್ಸಿಗೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಾಳೆ.

ದಸರಾ ಕಳೆಯುವಷ್ಟರಲ್ಲಿ ಹೆಂಡತಿಯ ನಾಲಿಗೆ ವಾಪಸು ಬಂತು. ಮಾತು ಸ್ವಲ್ಪ ತೊದಲು, ಆದರೆ ಮೊನಚಿಗೆ ಏನೂ ಕಮ್ಮಿಯಾಗಿರಲಿಲ್ಲ. ಕಾಲು ಎಳೆದುಕೊಂಡು, ನನ್ನ ಹೆಗಲು ಹಿಡಿದು, ಹಿತ್ತಲ ಜಗಲಿಯವರೆಗೆ ನಡೆಯುವ ಹಾಗಾಯಿತು. ಕೈ ಮಾತ್ರ ಬರಲಿಲ್ಲ. ಬರಲಿಲ್ಲ ಅಷ್ಟೇ ಅಲ್ಲ, ಬೆರಳುಗಳು ದಿನದಿಂದ ದಿನಕ್ಕೆ ಒಳಕ್ಕೆ ಮಡಿಸಿಕೊಂಡು ಮುಷ್ಟಿಯಾಗತೊಡಗಿದವು. ಸ್ನಾನ ಮಾಡಿಸುವಾಗ ಒಂದೊಂದೇ ಬೆರಳು ಬಿಡಿಸಿ ಅಂಗೈ ತೊಳೆಯಬೇಕು, ಬಿಟ್ಟ ತಕ್ಷಣ ಮತ್ತೆ ಮುಚ್ಚಿಕೊಳ್ಳುತ್ತದೆ.

ಮಳವಳ್ಳಿಯಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ಒಂದು ರಬ್ಬರ್ ಚೆಂಡು ಕೊಟ್ಟು ಅಮುಕಿಸಿ ಅಂದಳು. ಮನೆಗೆ ಬಂದ ದಿನವೇ ಇವಳು ಎಡಗೈಯಲ್ಲಿ ಅದನ್ನು ಎತ್ತಿ ಕೋಳಿಗೆ ಎಸೆದಳು. ಇನ್ನೊಂದು ಸಲ ಹೋದಾಗ ಆ ಹುಡುಗಿ, "ಹಾಗಾದ್ರೆ ಕಾಳು ಆಯ್ದು ಹಾಕೋ ಅಭ್ಯಾಸ ಮಾಡಿಸಿ ಸಾರ್, ತಟ್ಟೆಯಿಂದ ಬಟ್ಟಲಿಗೆ" ಅಂದಳು. ಇದು ನನ್ನ ಹೆಂಡತಿಗೆ ನಾಟಿತು. ಯಾವ ಕಾಳು ಅಂತ ನಾನು ಕೇಳುವ ಮೊದಲೇ "ಮೆಂತ್ಯ" ಅಂದಳು.

ಅಂದಿನಿಂದ ದಿನಾ ಬೆಳಿಗ್ಗೆ ಹಿತ್ತಲ ಜಗಲಿಯಲ್ಲಿ ಅದೇ ಕೆಲಸ. ತಟ್ಟೆಯಲ್ಲಿ ಹಿಡಿ ಮೆಂತ್ಯ, ಪಕ್ಕದಲ್ಲಿ ಖಾಲಿ ಬಟ್ಟಲು. ನಾನು ಅವಳ ಮಣಿಕಟ್ಟು ಹಿಡಿದು ತಟ್ಟೆಯ ಮೇಲೆ ತರುತ್ತೇನೆ. ಅವಳು ಹಲ್ಲು ಕಚ್ಚಿ ಹೆಬ್ಬೆರಳನ್ನು ಅಲ್ಲಾಡಿಸೋಕೆ ನೋಡುತ್ತಾಳೆ. ಹಣೆಯಲ್ಲಿ ಬೆವರು ಮೂಡುತ್ತದೆ. ಕಾಳು ಬೆವರಿಗೆ ಅಂಟಿಕೊಂಡು ಮೇಲೆ ಬರುತ್ತದೆಯೇ ಹೊರತು ಹಿಡಿತದಿಂದ ಬರುವುದಿಲ್ಲ. ಬಟ್ಟಲ ಮೇಲೆ ತಂದರೆ ಬೀಳುವುದಿಲ್ಲ. ನಾನೇ ಉದುರಿಸಬೇಕು. "ಬಂತು ನೋಡು" ಅನ್ನುತ್ತಿದ್ದೆ. "ನೀವು ಉದುರ್ಸುದ್ರಿ" ಅನ್ನುತ್ತಿದ್ದಳು. ಆಮೇಲೆ ತಾನೇ ತನಗೆ ಹೇಳಿಕೊಳ್ಳುವವಳ ಹಾಗೆ, "ದೀಪಾವಳಿ ಕಳೀಲಿ. ಬೀಜ ಆಕೋ ಒತ್ಗೆ ಇದು ಬಿಚ್ಕೋತದೆ" ಅನ್ನುತ್ತಿದ್ದಳು.

ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ನಡೆಯಬೇಕು, ಅಡುಗೆ ಮಾಡಬೇಕು ಅಂತ ಒಂದು ದಿನವೂ ಅನ್ನಲಿಲ್ಲ. ಈ ಚಳಿಗೆ ಒಂದು ಚಿಟಿಕೆ ಬೀಜ ತನ್ನ ಬಲಗೈಯಿಂದ ಬೀಳಬೇಕು. ನಾನು ಪವರ್‌ಹೌಸಿನಲ್ಲಿ ಎಂಥೆಂಥಾ ಮಿಷನ್ನು ಹಿಡಿದು ಕೂತವನು. ನಿಂತುಹೋದರೆ ಎಲ್ಲಿ ನೋಡಬೇಕು ಅಂತ ಗೊತ್ತಿರುತ್ತಿತ್ತು. ಈ ಒಂದು ಹಿಡಿಯಷ್ಟು ಕೈಯಲ್ಲಿ ಎಲ್ಲಿ ನೋಡಬೇಕು ಅಂತ ನನಗೆ ಗೊತ್ತಾಗಲಿಲ್ಲ.

ದೀಪಾವಳಿ ಬಂತು, ಹೋಯಿತು. ನಾನು ಗುದ್ದಲಿ ಹಿಡಿದು ಅವಳು ಜಗಲಿಯಿಂದ ಹೇಳಿದ ಹಾಗೆ ಪಾತಿ ಮಾಡಿದೆ. "ಮಣ್ಣೆಂಟೆ ಒಡೀರಿ. ಇನ್ನೂ ಪುಡಿ ಆಗ್ಬೇಕು. ಅದೇನು ಮಣ್ಣಾ, ಜಲ್ಲಿಯಾ?" ಬೈಸಿಕೊಂಡು ಪುಡಿ ಮಾಡಿದೆ. ಗೊಬ್ಬರ ಬೆರೆಸಿ ನೀರು ಚಿಮುಕಿಸಿದ್ದಾಯಿತು. ಬೀಜ ಹಾಕೋಣವಾ ಅಂದರೆ, "ಇನ್ನೊಂದ್ ವಾರ ತಡೀರಿ" ಅಂದಳು. ವಾರ ಆದ ಮೇಲೆ ಇನ್ನೊಂದು ವಾರ. ಪಾತಿ ಒಣಗಿ ಬಿರುಕು ಬಿಡುತ್ತಿತ್ತು, ನಾನು ಮತ್ತೆ ಕೆದಕಿ ನೀರು ಹಾಕುತ್ತಿದ್ದೆ.

ಆಗ ನನ್ನ ಕಣ್ಣಿಗೆ ಬಿದ್ದದ್ದು ಏನೆಂದರೆ, ಬೀದಿಯ ಉಳಿದ ಹಿತ್ತಲುಗಳೂ ಹಾಗೇ ಬರಿದಾಗಿವೆ. ಎಲ್ಲರೂ ಅಗೆದಿದ್ದಾರೆ, ಯಾರೂ ಬಿತ್ತಿಲ್ಲ. ನನ್ನ ಹೆಂಡತಿಗಾಗಿ ಕಾಯುತ್ತಿದ್ದಾರೆ. ಕರೆಯೋಕೂ ಆಗದು, ಕರೆಯದೆ ಹಾಕೋಕೂ ಆಗದು. ನಮ್ಮ ಬೇಲಿಗೆ ಅಂಟಿದ ಪಕ್ಕದ ಮನೆಯಾಕೆ ಒಂದು ದಿನ ಮೊರ ಹಿಡಿದು ಬಂದೇಬಿಟ್ಟಳು. ಇವಳಿಗಿಂತ ವಯಸ್ಸಿನಲ್ಲಿ ಚಿಕ್ಕವಳು, ಬಾಯಿ ಜೋರು, ಮನಸ್ಸು ಮೆತ್ತಗೆ. ನಮಗೆ ವಾರದಲ್ಲಿ ಮೂರು ನಾಲ್ಕು ದಿನ ಸಾರು ಅವಳ ಮನೆಯದ್ದೇ.

"ಅಕ್ಕ, ಅವರೆ ಊ ಬುಟ್ಟದೆ ಕಣಕ್ಕ, ನಾವಿನ್ನೂ ಮೆಂತ್ಯ ಆಕಿಲ್ಲ. ಎದ್ದು ಬರಾದೇನೂ ಬ್ಯಾಡ. ಇಲ್ಲೇ ಕುಂತ್ಕಂಡು ಎಡಗೈಲಿ ಒಸಿ ಮುಟ್ಕೊಡು, ನಾನ್ ಓಗಿ ಆಕೊತೀನಿ."

ನನ್ನ ಹೆಂಡತಿ ಮೊರದ ಕಡೆಗೇ ನೋಡಲಿಲ್ಲ. "ಎಡಗೈಲಿ ಯಾರಾರ ಬೀಜ ಮುಟ್ತಾರೇನೇ? ಅದು ಯಾತಕ್ಕಿರೋ ಕೈ ಗೊತ್ತಿಲ್ವಾ ನಿಂಗೆ?"

"ಈಗ ಅದ್ರಲ್ಲೇ ಉಣ್ತಿಲ್ವಾ ನೀನು?"

"ಉಣ್ಣಾದು ನನ್ ಕರ್ಮ. ನಿನ್ ಇತ್ಲಿಗೂ ಅದ್ಯಾಕೆ? ಇನ್ನೊಂದ್ ವಾರ ತಡಿ."

ಪಕ್ಕದ ಮನೆಯಾಕೆ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಮೊರ ಸೊಂಟಕ್ಕೆ ಒತ್ತಿಕೊಂಡು ಹೊರಟುಹೋದಳು.

ಅದಾಗಿ ಕೆಲವು ದಿನಕ್ಕೆ ಬೇಲಿಯುದ್ದಕ್ಕೂ ಒಂದು ತಟ್ಟಿ ಎದ್ದಿತು. ತೆಂಗಿನ ಗರಿ ಹೆಣೆದು ಕಟ್ಟಿದ ಎತ್ತರದ ತಟ್ಟಿ. ಜಗಲಿಯಿಂದ ಇವಳು ಕೇಳಿದರೆ, "ಕೋಳಿ ಕಾಟ ಕಣಕ್ಕ" ಅಂತ ಆ ಕಡೆಯಿಂದ ಕೂಗು ಬಂತು. ಹಿಂದಿನ ಮನೆಯವರೂ ಒಂದು ತಟ್ಟಿ ಕಟ್ಟಿದರು. ಅದರಾಚೆಯವರು ಹಳೇ ಸೀರೆ ಎಳೆದು ಕಟ್ಟಿದರು. ಇದ್ದಕ್ಕಿದ್ದ ಹಾಗೆ ಬೀದಿಗೆ ಬೀದಿಯೇ ಕೋಳಿಗೆ ಹೆದರಿಕೊಂಡಿತಲ್ಲ ಅಂತ ನನಗೆ ನಗು ಬಂತು. ಪಕ್ಕದ ಮನೆಯಿಂದ ಸಾರಿನ ಪಾತ್ರೆ ತರೋಕೆ ಹೋದ ದಿನ ಆ ನಗು ನಿಂತಿತು. ತಟ್ಟಿಯ ಹಿಂದೆ ಪಾತಿಗಳೆಲ್ಲ ಹಸಿರು. ಮೆಂತ್ಯ ಎರಡೆರಡು ಎಲೆ ಬಿಟ್ಟಿದೆ, ಸಬ್ಬಸಿಗೆ ಕೂದಲೆಳೆಯ ಹಾಗೆ ಎದ್ದಿದೆ. ಆಕೆ ಓಡಿ ಬಂದು ನನ್ನ ಮುಂದೆ ಅಡ್ಡ ನಿಂತಳು.

"ಅಕ್ಕಂಗೆ ಏಳ್ಬ್ಯಾಡಿ ಕಣಣ್ಣ. ಎಲ್ರೂ ಮಾತಾಡ್ಕಂಡೇ ಆಕಿರಾದು. ಕಾಲ ಮೀರೋಯ್ತದೆ, ಏನ್ ಮಾಡುವ? ಅಕ್ಕನ್ನ ನೆನೆಸ್ಕಂಡೇ ಆಕುದ್ವಿ."

ಅವಳ ಮೇಲೆ ರೇಗಬೇಕು ಅನ್ನಿಸಿತು. ರೇಗೋಕೆ ಏನೂ ಸಿಗಲಿಲ್ಲ. ತಪ್ಪು ಮಾಡಿದವರು ಯಾರು? ಅವರು ಬದುಕಬೇಕು, ಸೊಪ್ಪು ತಿನ್ನಬೇಕು, ಇವಳ ಮನಸ್ಸು ನೋಯಬಾರದು ಅಂತ ಗರಿ ಹೆಣೆದಿದ್ದಾರೆ. "ಚೆನ್ನಾಗ್ ಬಂದದೆ" ಅಂದೆ. ಪಾತ್ರೆ ತೆಗೆದುಕೊಂಡು ಬಂದು, ಏನೂ ನೋಡದವನ ಹಾಗೆ ಮಾರನೆಯ ಬೆಳಿಗ್ಗೆಯೂ ಅವಳ ಮಣಿಕಟ್ಟು ಹಿಡಿದು ತಟ್ಟೆಯ ಮೇಲೆ ತಂದೆ. ಅಷ್ಟು ಹೊತ್ತಿಗೆ ಹೆಬ್ಬೆರಳೂ ಒಳಗೆ ಸೇರಿಕೊಂಡಿತ್ತು.

ಗರಿಯಿಂದ ಹಸಿರು ಮುಚ್ಚಬಹುದು. ಸಬ್ಬಸಿಗೆ ಸೊಪ್ಪಿನ ವಾಸನೆಯನ್ನು ಯಾವ ತಟ್ಟಿ ಮುಚ್ಚುತ್ತದೆ? ಧನುರ್ಮಾಸ ಶುರುವಾದ ಮೇಲೆ ಒಂದು ಬೆಳಿಗ್ಗೆ, ಇಬ್ಬನಿ ಇನ್ನೂ ಕರಗಿರಲಿಲ್ಲ, ನಾವು ಕಾಳಿನ ತಟ್ಟೆಯ ಮುಂದೆ ಕೂತಿದ್ದೆವು. ಪಕ್ಕದ ಮನೆಯ ಒಲೆಯಿಂದ ಗಾಳಿ ಈ ಕಡೆ ತಿರುಗಿತು. ಅವಳ ತಲೆ ಮೇಲೆದ್ದಿತು. ಮೂಗಿನ ಹೊಳ್ಳೆ ಅರಳಿತು.

"ಸಬ್ಸಿಗೆ" ಅಂದಳು.

"ಮಳವಳ್ಳಿ ಸಂತೇಲಿ ತಂದಿರ್ಬೇಕು" ಅಂದೆ.

"ಸಂತೇದು ಇಂಗೆ ಗಮ್ಮನ್ನಕಿಲ್ಲ ಕಣ್ರೀ. ಇದು ಕಿತ್ತ ಗಳಿಗೇದು."

ಅವಳು ತಟ್ಟಿಯ ಕಡೆ ನೋಡಿದಳು. ಹಿಂದಿನ ಮನೆಯ ತಟ್ಟಿ ನೋಡಿದಳು. ಅದರಾಚೆಯ ಸೀರೆ ನೋಡಿದಳು. ಒಂದೊಂದನ್ನೂ ನಿಧಾನವಾಗಿ ನೋಡಿ ಕಡೆಗೆ ನನ್ನನ್ನು ನೋಡಿದಳು.

"ಎಲ್ರದ್ದೂ ಬಂದದಾ?"

ಸುಳ್ಳು ಹೇಳಬಹುದಾಗಿತ್ತು. ನಾಲಿಗೆ ಏಳಲಿಲ್ಲ. "ಬಂದದೆ" ಅಂದೆ.

"ಚೆನ್ನಾಗ್ ಬಂದದಾ?"

"ಊಂ."

ಅವಳು ಅಳುತ್ತಾಳೆ ಅಂದುಕೊಂಡೆ. ಅತ್ತಿದ್ದರೆ ಕಣ್ಣೊರೆಸುವ ಕೆಲಸವಾದರೂ ನನಗೆ ಸಿಗುತ್ತಿತ್ತು. ಅಳಲಿಲ್ಲ, ಬೈಯಲಿಲ್ಲ. "ನೀವ್ ಏಳ್ತಿದ್ದುದ್ದೇ ಸರಿ ಬುಡಿ" ಅಂದಳು. "ಮಣ್ಣು, ನೀರು ಇದ್ರೆ ಬತ್ತದೆ." ಆಮೇಲೆ ನನ್ನ ಹಿಡಿತದಿಂದ ಮಣಿಕಟ್ಟನ್ನು ಎಡಗೈಯಲ್ಲಿ ಬಿಡಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ಈ ಮೆಂತ್ಯಾನ ಒಗ್ಗರಣೆಗೆ ಆಕ್ಬುಡಿ."

ಇಷ್ಟು ವರ್ಷ ನಾನು ವಾದ ಮಾಡಿ ಗೆಲ್ಲಲಾರದ್ದನ್ನು ಆ ಬೆಳಿಗ್ಗೆ ಗೆದ್ದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ.

ಮಾರನೆಯ ದಿನ ತಟ್ಟೆ ತಂದಿಟ್ಟರೆ ಮುಖ ತಿರುಗಿಸಿದಳು. ಬೇಡಿಕೊಂಡೆ, ರೇಗಿದೆ, ಮತ್ತೆ ಬೇಡಿಕೊಂಡೆ. ಭಾನುವಾರ ಮಗಳು ಬಂದು, "ಅವ್ವ, ಇಂಗೆ ಬುಟ್ಬುಟ್ರೆ ಕೈ ಕಲ್ಲಾಗೋಯ್ತದೆ ಕಣವ್ವ" ಅಂತ ಕಣ್ಣೀರಿಟ್ಟಳು. "ಆಗ್ಲಿ ಬುಡು, ಇದ್ರಿಂದ ಯಾರ್ಗೇನಾಗ್ಬೇಕಾಗದೆ" ಅಂದಳು ಅವಳ ತಾಯಿ. ಮಳವಳ್ಳಿಯ ವ್ಯಾಯಾಮಕ್ಕೂ ಬರುವುದಿಲ್ಲ ಅಂದುಬಿಟ್ಟಳು. ತಟ್ಟೆಯಲ್ಲಿದ್ದ ಮೆಂತ್ಯವನ್ನು ನಾನು ಡಬ್ಬಕ್ಕೆ ಸುರಿದೆ. ದಿನಾ ಸ್ವಲ್ಪ ಸ್ವಲ್ಪ ಒಗ್ಗರಣೆಗೆ ಹಾಕಿದೆ. ಹಾಕುವ ಅಳತೆ ನನಗೆ ಗೊತ್ತಿಲ್ಲ, ಸಾರು ಕಹಿಯಾಗುತ್ತಿತ್ತು. ಇಬ್ಬರೂ ಅದನ್ನೇ ಉಂಡೆವು.

ಆಗ ನನ್ನ ತಲೆಗೆ ಒಂದು ಯೋಚನೆ ಬಂತು. ನಮ್ಮ ಹಿತ್ತಲಲ್ಲಾದರೂ ಬೀಜ ಹುಟ್ಟಬಾರದು. ಹುಟ್ಟದೆ ಹೋದರೆ ತೋರಿಸಬಹುದು, ನೋಡು, ನಿನ್ನ ಕೈ ಇಲ್ಲದಿದ್ದರೆ ಆಗಲ್ಲ, ಕೂತ್ಕೋ, ಕಾಳು ಹಿಡಿ, ಅನ್ನಬಹುದು. ಹುಟ್ಟಿಸೋದು ಹೇಗೆ ಅಂತ ಗೊತ್ತಿಲ್ಲದವನಿಗೆ ಹುಟ್ಟದ ಹಾಗೆ ಮಾಡೋದು ಏನು ಕಷ್ಟ? ಅವಳು ಏನೇನು ಮಾಡಬಾರದು ಅನ್ನುತ್ತಿದ್ದಳೋ ಅದನ್ನೆಲ್ಲ ನೆನಪು ಮಾಡಿಕೊಂಡೆ. ಎಳ್ಳಮಾವಾಸ್ಯೆಯ ದಿನ, ಅವಳು ಊಟ ಮಾಡಿ ಮಲಗಿದ್ದಾಗ, ಅಂಗಡಿಯಿಂದ ತಂದ ಮೆಂತ್ಯ ತೆಗೆದುಕೊಂಡು ಹಿತ್ತಲಿಗೆ ಹೋದೆ. ಕೈಕಾಲು ತೊಳೆಯಲಿಲ್ಲ. ಚಪ್ಪಲಿ ಬಿಡಲಿಲ್ಲ. ಪಡುವಲಕ್ಕೆ ಮುಖ ಮಾಡಿ ನಿಂತು, ಎಡಗೈಯಲ್ಲಿ ಬೀಜ ತೆಗೆದು, ಬೇಕೆಂದೇ ಬೇಕಾಬಿಟ್ಟಿ ಚೆಲ್ಲಿದೆ. ಮೇಲೆ ಮಣ್ಣು ಎಳೆದು ತುಳಿದೆ. ಇದನ್ನೆಲ್ಲ ನಂಬದವನು ನಾನು, ಅವತ್ತು ಪೂರ್ತಿ ನಂಬಿದ್ದೆ. ದೇವರೇ, ಇದೊಂದು ಹುಟ್ಟದೆ ಇರಲಿ ಅಂತ ಕೈ ಮುಗಿದೆ.

ಅವಳಿಗೆ ಹೇಳಿದೆ: "ಮೆಂತ್ಯ ಆಕಿವ್ನಿ."

"ಊಂ" ಅಂದಳು. ಕಣ್ಣು ತೆರೆಯಲಿಲ್ಲ.

ದಿನಾ ಬೆಳಿಗ್ಗೆ ಅವಳಿಗಿಂತ ಮುಂಚೆ ಎದ್ದು ಹೋಗಿ ಬಗ್ಗಿ ನೋಡುತ್ತಿದ್ದೆ. ಮೊದಲ ದಿನಗಳು ಬರಿ ಮಣ್ಣು. ಎದೆ ಹಗುರವಾಯಿತು. ಒಂದು ಬೆಳಿಗ್ಗೆ ಹೋದರೆ ತುಳಿದ ಮಣ್ಣು ಅಲ್ಲಲ್ಲಿ ಬಿರಿದು ಮೇಲೆದ್ದಿದೆ. ಮಾರನೆಯ ಬೆಳಿಗ್ಗೆ ಹೆಂಟೆ ಹೆಂಟೆ ಮಣ್ಣನ್ನೇ ತಲೆ ಮೇಲೆ ಹೊತ್ತುಕೊಂಡು ಮೆಂತ್ಯ ಎದ್ದು ನಿಂತಿದೆ. ಒಂದು ಕಾಳೂ ಹುಸಿ ಹೋದಂತೆ ಕಾಣಲಿಲ್ಲ. ಹಾಳಾದ್ದು, ಈ ಚಳಿಗಾಲದ ಮಣ್ಣಿಗೆ ಬೇಡ ಅಂದರೂ ಕೇಳುವುದಿಲ್ಲ. ಕಿತ್ತು ಹಾಕೋಣ ಅಂತ ಬಗ್ಗಿದೆ. ಒಂದು ಹಿಡಿ ಹಿಡಿದೆ, ಕೀಳೋಕೆ ಕೈ ಬರಲಿಲ್ಲ. ಅಟ್ಟದ ಬದಿಯಲ್ಲಿದ್ದ ತೆಂಗಿನ ಗರಿಗಳನ್ನು ಎಳೆದು ತಂದು ಪಾತಿಯ ಮೇಲೆ ಮುಚ್ಚಿದೆ. ಬೀದಿಯವರು ಕಟ್ಟಿದ ತಟ್ಟಿಗಳ ನಡುವೆ ನಂದೂ ಒಂದಾಯಿತು.

ಅವತ್ತು ಅವಳಾಗಿಯೇ ಕೇಳಿದಳು. "ಉಟ್ತಾ?"

"ಇಲ್ಲ ಕಣೇ. ಒಂದೂ ಉಟ್ಟಿಲ್ಲ." ಅಂದೆ. "ನಿನ್ ಕೈ ಇಲ್ದಿದ್ರೆ ನಮ್ಮನೇಲಿ ಏನೂ ಉಟ್ಟಕಿಲ್ಲ. ಬಾ, ಕಾಳ್ ಹಿಡಿಯವ."

ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು. ಕಾಳು ಹಿಡಿಯಲಿಲ್ಲ.

ಹೀಗೆ ಕೆಲವು ದಿನ ನಡೆಯಿತು. ಅವಳು ಕೇಳುತ್ತಾಳೆ, ನಾನು ಇಲ್ಲ ಅನ್ನುತ್ತೇನೆ, ಬಾ ಅನ್ನುತ್ತೇನೆ, ಅವಳು ನೋಡುತ್ತಾಳೆ. ಸಂಕ್ರಾಂತಿಗೆ ಮಗಳು ಎಳ್ಳುಬೆಲ್ಲ ಕಲಸುತ್ತಿದ್ದಾಗ ನಾನು ಹೆಂಡತಿಯನ್ನು ಹೆಗಲಿಗೆ ಒರಗಿಸಿಕೊಂಡು ಹಿತ್ತಲ ಜಗಲಿಗೆ ಕರೆದುಕೊಂಡು ಬಂದು ಕುರ್ಚಿಯಲ್ಲಿ ಕೂರಿಸಿದೆ. ಬಿಸಿಲು ಎಳೆಯದಾಗಿತ್ತು. ಅವಳು ಪಾತಿಯ ಕಡೆ ನೋಡುತ್ತಿದ್ದಳು. ಗರಿಯ ಸಂದಿನಲ್ಲಿ ಏನೋ ಹಳದಿಯಾಗಿ ಹೊರಗೆ ಚಾಚಿತ್ತು.

"ಗರಿ ತೆಗೀರಿ" ಅಂದಳು.

"ಯಾಕೆ? ಬರಿ ಮಣ್ಣು. ಕೋಳಿ ಕೆದಕ್ತವೆ ಅಂತ ಮುಚ್ಚಿವ್ನಿ."

"ತೆಗೀರಿ ಅಂದೆ. ಉಟ್ಟಿದ ಮ್ಯಾಲೂ ಗರಿ ಮುಚ್ಚಿದ್ರೆ ಸೊಪ್ಪು ಬೆಳ್ಳಗಾಯ್ತದೆ. ಪಾಪ, ಅದ್ಕೆ ಬೆಳಕು ಬ್ಯಾಡ್ವಾ?"

ನಾನು ಹೋಗಿ ಒಂದೊಂದೇ ಗರಿ ಎತ್ತಿದೆ. ಕೆಳಗೆ ಮೆಂತ್ಯ ಒತ್ತೊತ್ತಾಗಿ ನಿಂತಿತ್ತು, ಬೆಳಕಿಲ್ಲದೆ ಬಿಳಿಚಿಕೊಂಡು, ಎಳೆದ ದಾರದ ಹಾಗೆ ಉದ್ದವಾಗಿ, ಕೆಲವು ಆಗಲೇ ನೆಲಕ್ಕೆ ಒರಗಿ. ಗರಿ ಕೈಯಲ್ಲಿ ಹಿಡಿದುಕೊಂಡೇ ನಿಂತೆ. ತಿರುಗಿ ಅವಳ ಮುಖ ನೋಡುವ ಧೈರ್ಯ ನನಗೆ ಬರಲಿಲ್ಲ.

"ಎಲ್ಡು ದಿನ ನೀರು ಕಮ್ಮಿ ಆಕಿ" ಅಂದಳು ಹಿಂದಿನಿಂದ. "ಬಿಸ್ಲು ಕಂಡ್ರೆ ಹಸ್ರಾಯ್ತವೆ."

ಆಮೇಲೆ ತಿರುಗಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಮೆಂತ್ಯವನ್ನು ನೋಡುತ್ತಿದ್ದಳು. ಬಲಗೈ ಮಡಿಲಲ್ಲಿ ಮುಚ್ಚಿಕೊಂಡೇ ಇತ್ತು.